ಗುದ್ದಲಿ ಬೀಳುವ ಮೊದಲು

ಹೋದ ತಿಂಗಳು ನಮ್ಮ ಶಾಲೆಗೊಂದು ಕ್ಯಾಮೆರಾ ತರುವುದೆಂದು ತೀರ್ಮಾನವಾಯಿತು. ಮಕ್ಕಳ ಕೈಯಿಂದ ಸಣ್ಣ ಸಣ್ಣ ಚಿತ್ರ ಮಾಡಿಸಬೇಕಂತೆ. ಸ್ಟಾಫ್ ರೂಮಿನಲ್ಲಿ ಆ ಮಾತು ಬಂದಾಗ ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ, "ಮೇಡಂ, ಸೈನ್ಸ್ ಟೀಚರು ನೀವು. ಕಡಿಮಿ ರೊಕ್ಕದಾಗ ಯಾವ ಕ್ಯಾಮೆರಾ ಛಲೋ ಐತಿ ಹೇಳ್ರಿ" ಅಂದರು.

"ಮೊದಲ ಮೈಕ್ ತೊಗೋರಿ ಸರ್," ಅಂದೆ.

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಬಾಯಿ ಬಿಟ್ಟವಳು ಗಂಟೆ ಹೊಡೆಯುವವರೆಗೂ ನಿಲ್ಲಿಸಲಿಲ್ಲ. ಕ್ಯಾಮೆರಾ ಹೊಸದೇ ಆಗಬೇಕೆಂದಿಲ್ಲ, ಮದುವೆ ಸೀಸನ್ ಮುಗಿದ ಮೇಲೆ ಸ್ಟುಡಿಯೋದವರು ಮಾರುವ ಹಳೆಯದು ಸಾಕು. ಲೆನ್ಸಿನೊಳಗೆ ಬೂಷ್ಟು ಹಿಡಿದಿದೆಯಾ ಎಂದು ಟಾರ್ಚ್ ಬಿಟ್ಟು ನೋಡಬೇಕು. ಟ್ರೈಪಾಡ್ ಮಾತ್ರ ಹಗುರದ್ದು ತರಬಾರದು, ನಮ್ಮ ಕಡೆಯ ಗಾಳಿಗೆ ನಿಲ್ಲುವುದಿಲ್ಲ. ಲೈಟಿಗೆ ದುಡ್ಡು ಹಾಕುವ ಮೊದಲು ಕೋಣೆಯ ಬಾಗಿಲು ಯಾವ ಕಡೆಗಿದೆ ನೋಡಿ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ದನಿ ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. "ಇಷ್ಟೆಲ್ಲಾ ಎಲ್ಲಿ ಕಲಿತ್ರಿ ಮೇಡಂ?" ಎಂದು ಪಿ.ಟಿ. ಮಾಸ್ತರು ಕೇಳಿದರು. ಕ್ಲಾಸಿದೆ ಎಂದು ಎದ್ದು ಬಂದೆ.

ಕಲಿತದ್ದು ನನ್ನ ತಮ್ಮ ಸಿದ್ಧಾರ್ಥನ ಹಿಂದೆ ತಿರುಗಿ. ಅಂದು ಸಂಜೆ ಲಿಂಗಸೂಗೂರಿನಿಂದ ಮಸ್ಕಿಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತರೆ, ಬೇಡವೆಂದರೂ ಆ ವರ್ಷ ಎದುರಿಗೆ ಬಂತು. ಅದರಲ್ಲೂ ಅದರ ಬೇಸಿಗೆ. ಮನೆಯವರು ಯಾರೂ ಆ ಬೇಸಿಗೆಯ ಮಾತೆತ್ತುವುದಿಲ್ಲ. ನಾನೂ ಎತ್ತಿದವಳಲ್ಲ, ಇವತ್ತು ಬರೆಯುತ್ತಿದ್ದೇನೆ.

ನಮ್ಮಪ್ಪ ಎಡದಂಡೆ ಕಾಲುವೆಯ ಮೇಲೆ ಗ್ಯಾಂಗ್‌ಮನ್ ಆಗಿ ರಿಟೈರಾದವನು. ಗೇಟು ಏರಿಸುವುದು, ಇಳಿಸುವುದು, ನೀರು ಬಂತೆಂದು ಕೆಳಗಿನ ಗದ್ದೆಗಳಿಗೆ ಕೂಗಿ ಹೇಳುವುದು ಅವನ ಕೆಲಸ. ಫೋನಿಲ್ಲದ ಕಾಲದಲ್ಲಿ ಅವನು ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಯಾಚೆ ಭತ್ತ ನಾಟುವವರು ತಲೆ ಎತ್ತುತ್ತಿದ್ದರಂತೆ. ಆ ಗಂಟಲಿಗೆ ವರ್ಷಕ್ಕೊಮ್ಮೆ ಬೇರೆ ಕೆಲಸವೂ ಇತ್ತು. ಮೊಹರಂ ಬಂದಾಗ ನಮ್ಮ ಮೂಲ ಊರು ಸಂತೆಕಲ್ಲೂರಿನಲ್ಲಿ ಹೆಜ್ಜೆ ಮೇಳದ ಮುಂದೆ ನಿಂತು ಪದ ಹಾಡುವವನು ಅವನೇ. ಅವನು ಒಂದು ಸಾಲು ಎತ್ತಿಕೊಟ್ಟರೆ ಮೇಳದವರು ಹೆಜ್ಜೆ ಹಾಕುತ್ತ ಅದಕ್ಕೆ ಮಾರುತ್ತರ ಕೊಡುತ್ತಿದ್ದರು. ಕರ್ಬಲಾದ ಸಾವಿನ ಪದಗಳು. ಹೆಂಗಸರು ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದುಕೊಂಡು ಕೇಳುತ್ತಿದ್ದರು.

ನಮ್ಮದು ಬುದ್ಧನ ಪಟ ಇರುವ ಮನೆ. ಉಳಿದ ದೇವರೆಲ್ಲ ಅಜ್ಜನ ಕಾಲಕ್ಕೇ ಹೊಸ್ತಿಲು ದಾಟಿ ಹೋಗಿದ್ದವು. ಮೊಹರಮಿನ ಅಲಾಯಿಯನ್ನು ಮಾತ್ರ ಯಾಕೆ ಬಿಟ್ಟಿಲ್ಲವೆಂದು ಯಾರಾದರೂ ಕೆಣಕಿದರೆ ಅಪ್ಪ, "ದೇವರನ್ನ ಬಿಟ್ಟೀನಿ. ಹಾಡು ಬಿಡಾಕ ಆಗವಲ್ದು, ಏನ್ ಮಾಡ್ಲಿ?" ಎನ್ನುತ್ತಿದ್ದ. ಅವನಿಗೆ ಪದ ಕಲಿಸಿದವರು ಊರಿನ ಹುಸೇನಸಾಬ್ ಎಂಬ ಹಿರಿಯರು. ಕಲಿಸುವಾಗ ಅವರು ಒಂದು ಮಾತು ತೊಗೊಂಡಿದ್ದರು. ಚಂದ್ರ ಕಂಡು, ಮಸೀದಿ ಮುಂದೆ ಮೊಹರಮಿನ ಬೆಂಕಿ ಹಾಕಲು ತೋಡುವ ಅಲಾಯಿ ಕುಣಿಗೆ ಮೊದಲ ಗುದ್ದಲಿ ಬೀಳುವವರೆಗೆ ಈ ಪದಗಳಿಗೆ ಬಾಯಿ ತೆರೆಯಬಾರದು. ಅಪ್ಪ ಸ್ನಾನ ಮಾಡುವಾಗಲೂ ಅವುಗಳ ಒಂದು ಸಾಲು ಗುನುಗಿದ್ದನ್ನು ನಾವು ಕೇಳಿಲ್ಲ.

ತಮ್ಮ ಸಿದ್ದು ಮಸ್ಕಿಯ ಒಂದು ಆಫೀಸಿನಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ. ಆಫೀಸು ಬಿಟ್ಟರೆ ಅವನಿಗೆ ಚಿತ್ರದ ಹುಚ್ಚು. ಹಿಂದಿನ ಮೊಹರಮಿನಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದ ಅಪ್ಪನ ಹಾಡೊಂದು ಊರ ಗ್ರೂಪಿನಲ್ಲಿ ಬಂತು. ಅದರಲ್ಲಿ ಹಲಗೆ ಕೇಳುತ್ತಿತ್ತು, ಜನರ ಗದ್ದಲ ಕೇಳುತ್ತಿತ್ತು, ಬೈಕಿನ ಹಾರ್ನು ಸಹಿತ ಕೇಳುತ್ತಿತ್ತು. ಅಪ್ಪನ ಬಾಯಿ ಮಾತ್ರ ಸುಮ್ಮನೆ ಆಡುತ್ತಿತ್ತು. "ಹಿಂಗಾದ್ರ ಹೆಂಗಕ್ಕ? ಬರೋ ಮೊಹರಮ್ಮಿಗೆ ನಾನ ಒಂದು ಚಿತ್ರ ಮಾಡತೀನಿ. ಅಪ್ಪನ ಉಸುರು ಸಹಿತ ಕೇಳಬೇಕು" ಅಂದ.

ಅಲ್ಲಿಂದ ಶುರುವಾಯಿತು. ಬೇಸಿಗೆಯ ಆರಂಭದವರೆಗೆ ಸಿದ್ದು ಮೊಬೈಲಿನಲ್ಲಿ ಕ್ಯಾಮೆರಾಗಳನ್ನು ಹೋಲಿಸಿ ನೋಡುವುದು ಬಿಟ್ಟು ಬೇರೆ ಮಾತಾಡಲಿಲ್ಲ. ಕೊನೆಗೆ ಭಾನುವಾರವೊಂದು ನನ್ನನ್ನೂ ಎಳೆದುಕೊಂಡು ಸಿಂಧನೂರಿಗೆ ಹೋದ. ಭತ್ತದ ಕೊಯ್ಲಿನ ಹೊತ್ತು, ದಾರಿಯುದ್ದಕ್ಕೂ ಕಟಾವು ಯಂತ್ರಗಳು ಬಸ್ಸಿಗೆ ಅಡ್ಡ. ಸ್ಟುಡಿಯೋದ ಖಾದರಣ್ಣ ನಮ್ಮನ್ನು ನೋಡಿ ಒಳ್ಳೆ ಗಿರಾಕಿ ಸಿಕ್ಕರೆಂದು ಚಹಾ ತರಿಸಿದರು.

"ಡ್ರೋನ್ ತೊಗೋರಿ ಮೇಡಂ. ಈಗ ಡ್ರೋನ್ ಬರೋತನಕ ಮದುಮಗ ತಾಳಿನ ಕಟ್ಟಂಗಿಲ್ಲ" ಅಂದರು.

"ನಮ್ಮಪ್ಪ ಪದ ಹಾಡೋದು ನೆಲದ ಮ್ಯಾಲೆ ನಿಂತ್ಕೊಂಡ್ರೀ," ಅಂದ ಸಿದ್ದು.

ಅವನು ತೊಗೊಂಡದ್ದು ಎರಡು ಮದುವೆ ಸೀಸನ್ ಕಂಡಿದ್ದ, ಮೂಲೆಗಳಲ್ಲಿ ಬಣ್ಣ ಹೋಗಿದ್ದ ಕ್ಯಾಮೆರಾ. ಝೂಮ್ ಲೆನ್ಸ್ ಬೇಡವೆಂದು, ಹತ್ತಿರ ಹೋದರೆ ಮುಖ ಮಾತ್ರ ಸ್ಪಷ್ಟವಾಗಿ ಹಿಂದಿನದೆಲ್ಲ ಕರಗುವ ಒಂದು ಪುಟ್ಟ ಲೆನ್ಸ್ ಆರಿಸಿದ. ಕಾಲು ಗಟ್ಟಿ ಇರುವ ಟ್ರೈಪಾಡ್. ಉಳಿಸಿದ್ದನ್ನೆಲ್ಲ ಅಂಗಿಗೆ ಸಿಕ್ಕಿಸುವ ಒಂದು ಮೈಕಿಗೆ, ಅಂಗೈಯಗಲದ ಒಂದು ರೆಕಾರ್ಡರಿಗೆ, ಹೆಡ್‌ಫೋನಿಗೆ ಸುರಿದ. ಕ್ಯಾಮೆರಾಗಿಂತ ಮೈಕಿಗೇ ಜಾಸ್ತಿ ಚೌಕಾಶಿ ಮಾಡುವ ಗಿರಾಕಿಯನ್ನು ಖಾದರಣ್ಣ ನೋಡಿರಲಿಲ್ಲವೇನೋ, "ಏನ್ ತಮ್ಮಾ, ರೇಡಿಯೋ ತೆಗಿಯಾಕತ್ತೀಯೇನು?" ಎಂದು ರೇಗಿಸಿದರು.

ಆಮೇಲಿನದು ಮನೆಯಲ್ಲಿ ದಿನಾ ಪರೀಕ್ಷೆ. ಪರೀಕ್ಷೆಗೆ ಕೂರುವವನು ಅಪ್ಪ. ಬಾಗಿಲಿನ ಬೆಳಕು ಒಂದು ಕೆನ್ನೆಗೆ ಬೀಳುವಂತೆ ಅವನನ್ನು ಖುರ್ಚಿಯಲ್ಲಿ ಕೂರಿಸುವುದು, ಇನ್ನೊಂದು ಕೆನ್ನೆಯ ಕತ್ತಲು ಹೋಗಲೆಂದು ನಾನು ಥರ್ಮಾಕೋಲ್ ಹಾಳೆ ಹಿಡಿದು ನಿಲ್ಲುವುದು. ಗಾಳಿಗೆ ಟ್ರೈಪಾಡ್ ಅಲ್ಲಾಡದಿರಲೆಂದು ನಡುವೆ ಜೋಳದ ಚೀಲ ಇಳಿಬಿಟ್ಟೆವು. ಮೈಕಿಗೆ ಗಾಳಿ ಬಡಿಯದಿರಲೆಂದು ಅವ್ವ ಕುರಿ ಉಣ್ಣೆಯ ಟೊಪ್ಪಿಗೆ ಹೊಲಿದು ಕೊಟ್ಟಳು. ಸದ್ದಾಗುತ್ತದೆಂದು ಫ್ಯಾನು ಬಂದ್. ಮಸ್ಕಿಯ ಬೇಸಿಗೆಯಲ್ಲಿ ಫ್ಯಾನಿಲ್ಲದೆ ಕೂರುವುದೆಂದರೆ ಏನೆಂದು ಕೂತವರಿಗೇ ಗೊತ್ತು.

"ಚಿತ್ರ ಆಗೋದ್ರಾಗ ನಾ ಬೆಂದು ಹೋಕ್ಕೀನಲೇ," ಎನ್ನುತ್ತಿದ್ದ ಅಪ್ಪ.

"ಅಪ್ಪ, ಪದದ ಒಂದ ಸಾಲು ಅನ್ನು. ಲೆವೆಲ್ ನೋಡತೀನಿ."

"ಗುದ್ದಲಿ ಬೀಳಲಿ ತಡಿ. ಎಷ್ಟು ಬೇಕೋ ಅಷ್ಟು ತುಂಬಿಕೊ. ಈಗ ಕಾಲುವಿ ಸುದ್ದಿ ಹೇಳತೀನಿ, ಅದ್ರಾಗ ನೋಡು ನಿನ್ನ ಲೆವೆಲ್ಲು."

ಹಾಗೆ ಅವನು ಕಾಲುವೆಯ ಕಥೆ ಹೇಳುತ್ತಿದ್ದ. ಕದ್ದು ಗೇಟು ಎತ್ತಿ ಸಿಕ್ಕಿಬಿದ್ದವರು, ಆಫೀಸರು ಬಂದಾಗ ನೀರಿಗೆ ಬಿದ್ದ ಟೊಪ್ಪಿಗೆ, ದಂಡೆಯ ಮೇಲೆ ಹುಟ್ಟಿದ ಕೂಸು. ಸಿದ್ದು ಹೆಡ್‌ಫೋನ್ ಹಾಕಿಕೊಂಡು ಕೇಳಿ, ಸರಿಯಾಯಿತೆಂದು ತಲೆಯಾಡಿಸಿ, ಕಾರ್ಡ್ ಖಾಲಿ ಮಾಡುತ್ತಿದ್ದ. ಇದ್ದದ್ದು ಒಂದೇ ಕಾರ್ಡು, ಅದು ಹಾಡಿಗೆ ಬೇಕಲ್ಲ. ಕಾಲುವೆಯ ಕಥೆ ಅಪ್ಪ ನಾಳೆಯೂ ಹೇಳುತ್ತಿದ್ದ.

ಒಂದು ದಿನ ಸಿದ್ದು ಮುಖ ಸಣ್ಣದು ಮಾಡಿಕೊಂಡು, "ಅಕ್ಕ, ಮೈಕ್ ಕೆಟ್ಟೈತಿ. ಅಪ್ಪನ ದನಿ ಒಳಗ ಏನೋ ಕೆರೆದಂಗ ಆಕ್ಕೈತಿ" ಅಂದ. ನಾನೂ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಹೌದು, ಮಾತಿನ ಕೆಳಗೆ ಒಣ ಎಲೆ ಉಜ್ಜಿದಂಥ ಸದ್ದು. ಅಂಗಿಗೆ ಮೈಕು ತಾಗುತ್ತಿದೆಯೆಂದು ಜಾಗ ಬದಲಿಸಿದೆವು. ವೈರು ಬದಲಿಸಿದೆವು. ಕಡೆಗೆ ಸಿಂಧನೂರಿಗೆ ಹೋಗಿ ಖಾದರಣ್ಣನ ಜೊತೆ ಜಗಳ ತೆಗೆದ ಸಿದ್ದು. ಅವರು ಬೇರೆ ಮೈಕು ಕೊಟ್ಟರು. ಮನೆಗೆ ತಂದು ನೋಡಿದರೆ ಅದರಲ್ಲೂ ಅದೇ ಕೆರೆತ. ರೆಕಾರ್ಡರ್ ಕೆಟ್ಟಿರಬೇಕೆಂದು ಮತ್ತೆ ಹೋದ. ಖಾದರಣ್ಣ ಬೇಸರಪಟ್ಟುಕೊಂಡು ತಮ್ಮದೇ ರೆಕಾರ್ಡರ್ ಎರವಲು ಕೊಟ್ಟು ಕಳಿಸಿದರು. ಹೀಗೆ ಓಡಾಟದಲ್ಲೇ ವಾರಗಳು ಹೋದವು.

ಆ ರೆಕಾರ್ಡರ್ ತಂದ ದಿನ ಅಪ್ಪ ಸಂತೆಗೆ ಹೋಗಿದ್ದ. ಅವನು ಬರುವವರೆಗೆ ನೋಡೋಣವೆಂದು ಸಿದ್ದು ಮೈಕನ್ನು ಅವ್ವನ ಸೆರಗಿಗೆ ಸಿಕ್ಕಿಸಿದ. ಅವ್ವ ನಾಚಿಕೊಂಡು, "ಏನಂತ ಮಾತಾಡ್ಲೋ? ಬ್ಯಾಳಿ ಮುಗದಾವು, ನಾಳಿಗೆ ತರಬೇಕು" ಅಂದಳು. ಅವಳ ದನಿ ತೊಳೆದಿಟ್ಟಂತೆ ಕೇಳಿತು. ಕೆರೆತವಿಲ್ಲ, ಏನಿಲ್ಲ. ಸಿದ್ದು ನನ್ನ ಮುಖ ನೋಡಿದ. ನಾನು ಮೈಕು ಇಸಿದುಕೊಂಡು ಮಾತಾಡಿದೆ. ನನ್ನದೂ ಸರಿಯಾಗಿಯೇ ಕೇಳಿತು. ಹಳೆಯ ಮೈಕು ಹಚ್ಚಿದರೂ ಅಷ್ಟೇ. ಮೈಕು ಮೊದಲಿನಿಂದಲೂ ಸರಿಯಾಗಿಯೇ ಇತ್ತು.

ಲಿಂಗಸೂಗೂರಿನ ಡಾಕ್ಟರು ಗಂಟಲಿಗೆ ಕನ್ನಡಿ ಹಿಡಿದು ನೋಡಿ, ತಾವೇನೂ ಹೇಳದೆ ರಾಯಚೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ತುಣುಕು ತೆಗೆದು ಪರೀಕ್ಷೆ ಮಾಡಿ ಹೇಳಿದರು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ತಡ ಮಾಡುವಂತಿಲ್ಲ.

"ಮೊಹರಮ್ ಮುಗಿಸಿಕೊಂಡು ಬರ್ಲೇನ್ರೀ?" ಎಂದು ಅಪ್ಪ ಕೇಳಿದ.

"ಅಲ್ಲೀತನಕ ಕಾಯಾಕ ಆಗಂಗಿಲ್ಲ ಯಜಮಾನ್ರ. ಈಗಾದ್ರ ಜೀವ ಉಳಿತೈತಿ," ಅಂದರು ಡಾಕ್ಟರು.

ಮೊಹರಂ ಇನ್ನೂ ಒಂದು ತಿಂಗಳಿಗೂ ಆಚೆ ಇತ್ತು. ಆಪರೇಷನ್ನು ಅದಕ್ಕೆ ಮೊದಲೇ. ಆ ನಡುವಿನ ದಿನಗಳು ನಮ್ಮ ಮನೆಯಲ್ಲಿ ಹೇಗೆ ಹೋದವೆಂದು ಹೇಳಲಾರೆ. ಬಿಸಿಲು ಗೋಡೆಯೊಳಗಿಂದ ಬರುತ್ತಿತ್ತು. ಕಾಲುವೆಗೆ ನೀರು ಬರುವುದು ನಿಂತಿತ್ತು. ಅಪ್ಪ ಮೊದಲಿನಂತೆಯೇ ಎದ್ದು, ಚಹಾ ಕುಡಿದು, ಪೇಪರ್ ಓದುತ್ತಿದ್ದ. ಅವನ ದನಿಯ ಕೆರೆತ ಈಗ ಹೆಡ್‌ಫೋನ್ ಇಲ್ಲದೆಯೂ ನಮಗೆ ಕೇಳುತ್ತಿತ್ತು. ಆದರೂ ಹಾಡು ಅದರೊಳಗೆ ಇನ್ನೂ ಇತ್ತು, ಅದು ನಮಗೆ ಗೊತ್ತಿತ್ತು.

ಸಿದ್ದು ಅವನ ಕಾಲು ಹಿಡಿದ. ಅಕ್ಷರಶಃ ಹಿಡಿದ. "ಒಂದ ಪದ ಹಾಡಪ್ಪ. ಬಾಗಲಾ ಹಾಕ್ಕೊಂಡು ಹಾಡು. ಯಾರಿಗೂ ತೋರಸಂಗಿಲ್ಲ."

ಅಪ್ಪ ಅವನನ್ನು ಎಬ್ಬಿಸಿ ಪಕ್ಕ ಕೂರಿಸಿಕೊಂಡು ಹೇಳಿದ: "ಇವು ಸತ್ತವರ ಮುಂದ ಅಳೋ ಪದಾ ಅದಾವಲೇ. ಮನ್ಯಾಗ ಸಾವಾಗದೇ ಕುಂತು ಅತ್ತರ ಏನಂತಾರ? ಹುಸೇನಸಾಬ್ ಮುದುಕಗ ಮಾತು ಕೊಟ್ಟೀನಿ. ಆತ ಇಲ್ಲ, ಅದಕ್ಕ ಮುರೀಲೇನು?"

ನನಗೆ ಅಪ್ಪನ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಇಂಥ ಹೊತ್ತಿನಲ್ಲಿ ಎಂಥ ಮಾತು, ಎಂಥ ಮುದುಕ ಅನ್ನಿಸಿತ್ತು. ನಾನು ಸಿಟ್ಟು ನುಂಗಿಕೊಂಡು ಶಾಲೆಯ ಪೇಪರ್ ತಿದ್ದುತ್ತ ಕೂತೆ. ಸಿದ್ದು ಸುಮ್ಮನೆ ಕೂರುವ ಜಾತಿಯವನಲ್ಲ.

ರಾಯಚೂರಿಗೆ ಹೊರಡುವುದಕ್ಕೆ ಒಂದು ವಾರ ಮೊದಲು, ಒಂದು ಮುಂಜಾನೆ ಅಂಗಳದಲ್ಲಿ ಸದ್ದು ಕೇಳಿ ಹೊರಬಂದೆ. ಸಿದ್ದು ಗುದ್ದಲಿ ಹಿಡಿದು ಅಂಗಳದ ನಡುವೆ ದುಂಡಗೆ ಕುಣಿ ತೋಡುತ್ತಿದ್ದ. ಸುತ್ತ ಸುಣ್ಣದ ಗೆರೆ ಎಳೆದಿದ್ದ. ಅದರ ಎದುರಿಗೆ ಟ್ರೈಪಾಡ್, ಕ್ಯಾಮೆರಾ, ಅಪ್ಪ ಕೂರುವ ಖುರ್ಚಿ, ಎಲ್ಲಾ ಹೊಂದಿಸಿಟ್ಟಿದ್ದ. ಬೆಳಕು ಸಹಿತ ಸರಿಯಾಗಿತ್ತು. ಗುದ್ದಲಿ ಬೀಳಬೇಕಲ್ಲ, ಬಿತ್ತು, ಇನ್ನಾದರೂ ಹಾಡಲಿ ಎಂಬುದು ಅವನ ಲೆಕ್ಕ. ಅವನ ಅಂಗಿ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತ್ತು.

ನನ್ನ ಹಿಂದೆಯೇ ಬಂದ ಅವ್ವ ಅದನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದಳು. "ಜಡ್ಡಾದ ಮನಶ್ಯಾ ಮನ್ಯಾಗ ಇರೋ ಹೊತ್ತಿನ್ಯಾಗ ಅಂಗಳದಾಗ ಕುಣಿ ತೋಡತೀಯೇನಲೇ! ನಿಮ್ಮಪ್ಪನ್ನ ಈಗಲೇ ಕಳಸ್ತೀಯೇನು?" ಎಂದು ಎದೆ ಬಡಿದುಕೊಂಡಳು. ಸಿದ್ದುವಿನ ಕೈಯಿಂದ ಗುದ್ದಲಿ ಜಾರಿತು. ಅವನು ಅಲ್ಲಿಯವರೆಗೆ ಆ ಕುಣಿಯನ್ನು ಹಾಗೆ ನೋಡಿಯೇ ಇರಲಿಲ್ಲ. ಅವನ ಕಣ್ಣಲ್ಲಿ ಅದು ಅಲಾಯಿಯೇ ಆಗಿತ್ತು.

ಅಪ್ಪ ಹೊರಗೆ ಬಂದ. ಕುಣಿ ನೋಡಿದ, ಕ್ಯಾಮೆರಾ ನೋಡಿದ. ಬೈಯಲಿಲ್ಲ. ಬಿದ್ದಿದ್ದ ಗುದ್ದಲಿ ತೆಗೆದುಕೊಂಡು ಮಣ್ಣು ಎಳೆದು ಎಳೆದು ಕುಣಿ ಮುಚ್ಚಿದ. ಸಿದ್ದು ನೆರವಿಗೆ ಬಂದರೆ ಮೊಣಕೈಯಿಂದ ಸರಿಸಿದ. ಕಾಲಿನಿಂದ ಮಣ್ಣು ತುಳಿದು, ಸುಣ್ಣದ ಗೆರೆಯನ್ನು ಬರಿಗೈಯಲ್ಲಿ ಅಳಿಸಿ, ಕೈ ತೊಳೆದು ಒಳಗೆ ಹೋದ.

ಅಂದಿನಿಂದ ಅವನು ಸಿದ್ದುವಿನ ಜೊತೆ ಮಾತಾಡಲಿಲ್ಲ. ನನ್ನ ಜೊತೆ ಮಾತಾಡಿದ, ಅವ್ವನ ಜೊತೆ ಮಾತಾಡಿದ, ನೋಡಲು ಬಂದ ಗ್ಯಾಂಗ್‌ಮನ್ ಗೆಳೆಯರ ಜೊತೆ ನಗೆಚಾಟಿಕೆಯನ್ನೂ ಮಾಡಿದ. ಇನ್ನು ಕೆಲವೇ ದಿನ ಉಳಿದಿದ್ದ ದನಿಯಲ್ಲಿ ಒಂದು ತೊಟ್ಟೂ ಮಗನಿಗೆ ಕೊಡಲಿಲ್ಲ. ನಾನು ಹೇಳಿ ನೋಡಿದೆ, ಅವ್ವ ಅತ್ತು ನೋಡಿದಳು. "ಆತು ಬಿಡ್ರಿ" ಎಂದನೇ ಹೊರತು ಕರೆಯಲಿಲ್ಲ. ಸಿದ್ದು ಪಕ್ಕದ ಕೋಣೆಯಲ್ಲಿ ಕೂತು ಅಪ್ಪ ಬೇರೆಯವರೊಡನೆ ಆಡುವ ಮಾತು ಕೇಳಿಸಿಕೊಳ್ಳುತ್ತಿದ್ದ. ಕ್ಯಾಮೆರಾ ಚೀಲ ಅಟ್ಟಕ್ಕೆ ಹೋಯಿತು. ಅವನು ಬಯಸಿದ್ದರೆ ಮೊಬೈಲಿನಲ್ಲಾದರೂ ಆ ಮಾತು ಹಿಡಿದಿಡಬಹುದಿತ್ತು. ಅದಕ್ಕೂ ಅವನಿಗೆ ಕೈ ಬರಲಿಲ್ಲ.

ಆಪರೇಷನ್ನಿನ ದಿನ ಅಪ್ಪನನ್ನು ಗಾಲಿಮಂಚದ ಮೇಲೆ ಮಲಗಿಸಿ ಕರೆದೊಯ್ಯುವಾಗ ಸಿದ್ದು ಗೋಡೆಗೆ ಅಂಟಿ ನಿಂತಿದ್ದ. ಅಪ್ಪ ಅವನ ಕಡೆ ನೋಡಿದ. ಈಗ ಮಾತಾಡುತ್ತಾನೆ ಎಂದುಕೊಂಡೆ. ಅವನು ನನ್ನ ಕಡೆ ತಿರುಗಿ, "ಯವ್ವಾ, ನನ್ನ ಚಪ್ಪಲಿ ಮಂಚದ ಕೆಳಗ ಅದಾವು. ಯಾರಾರ ಹಾಕ್ಕೊಂಡು ಹೋದಾರು, ನೋಡು" ಅಂದ. ಬಾಗಿಲು ಮುಚ್ಚಿತು. ಅಪ್ಪನ ಬಾಯಿಂದ ಬಂದ ಕೊನೆಯ ಮಾತು ಅದು.

ಮಳೆ ಶುರುವಾಗುವ ಹೊತ್ತಿಗೆ ಅವನನ್ನು ಮನೆಗೆ ಕರೆತಂದೆವು. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ಅವ್ವ ಹೊಲಿದ ತೆಳು ಬಿಳಿ ಬಟ್ಟೆ. ಏನು ಬೇಕಾದರೂ ಕೈಯಲ್ಲೇ ತೋರಿಸುತ್ತಿದ್ದ. ಸಿದ್ದುವೇ ಅವನನ್ನು ತೊಳೆಯುವುದು, ಬಟ್ಟೆ ಬದಲಿಸುವುದು. ಅಪ್ಪ ಬೇಡವೆನ್ನಲಿಲ್ಲ. ಅವನ ಮುಖ ನೋಡುತ್ತ ಸುಮ್ಮನೆ ಕೂರುತ್ತಿದ್ದ. ಅದು ಕ್ಷಮಿಸಿದ ಮೌನವೋ, ಹಳೆಯ ಮೌನವೋ ಸಿದ್ದುವಿಗೂ ತಿಳಿಯುತ್ತಿರಲಿಲ್ಲ. ಇನ್ನು ತಿಳಿಯುವ ದಾರಿಯೂ ಇರಲಿಲ್ಲ.

ಚಂದ್ರ ಕಂಡಿತೆಂದೂ ಊರಲ್ಲಿ ಗುದ್ದಲಿ ಬಿತ್ತೆಂದೂ ದೊಡ್ಡಪ್ಪನ ಫೋನ್ ಬಂತು. ಮರುದಿನ ಅಪ್ಪ ಸಂತೆಕಲ್ಲೂರಿಗೆ ಹೊರಟು ನಿಂತ. ಬ್ಯಾಡ ಅಂದರೂ ಕೇಳಲಿಲ್ಲ. ಆಟೋ ಹತ್ತುವಾಗ ನೋಡಿದರೆ ಅವನ ಹೆಗಲಲ್ಲಿ ಕ್ಯಾಮೆರಾ ಚೀಲ. ಅಟ್ಟದಿಂದ ಯಾವಾಗ ಇಳಿಸಿದ್ದನೋ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದ.

ಮಧ್ಯಾಹ್ನ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ, ಬಾಗಿಲ ಬೆಳಕಿಗೆ ಮುಖ ಕೊಟ್ಟು ಅಪ್ಪ ತಾನೇ ಖುರ್ಚಿ ಹಾಕಿಕೊಂಡು ಕೂತ. ಚೀಲವನ್ನು ಸಿದ್ದುವಿನ ಮುಂದೆ ತಳ್ಳಿದ. ಸಿದ್ದುವಿಗೆ ಅರ್ಥವಾಗಲಿಲ್ಲ. ಅಪ್ಪ ತನ್ನ ಅಂಗಿಯ ಮೇಲೆ ಮೈಕು ಸಿಕ್ಕಿಸುವ ಜಾಗ ಬೆರಳಿಟ್ಟು ತೋರಿಸಿದ. ಸಿದ್ದು ಮೈಕು ಸಿಕ್ಕಿಸಿ, ಕ್ಯಾಮೆರಾ ಹೊಂದಿಸಿ, ಹೆಡ್‌ಫೋನ್ ಹಾಕಿಕೊಂಡು ಕೂತ.

ಅಪ್ಪ ತೊಡೆಯ ಮೇಲೆ ತಾಳ ಹಾಕಿ ಪದ ಶುರು ಮಾಡಿದ. ತುಟಿ ಒಂದೊಂದು ಅಕ್ಷರವನ್ನೂ ಆಡಿತು, ಹುಬ್ಬು ಏರಿತು, ಇಳಿಯಿತು. ಕುತ್ತಿಗೆಯ ಬಟ್ಟೆ ಉಬ್ಬಿ ತಗ್ಗುವುದು ಬಿಟ್ಟರೆ ಸದ್ದಿಲ್ಲ. ಸಾಲು ಮುಗಿದಾಗ ಅವನು ಕೈ ಎತ್ತಿ ಹಿಡಿದು ಕಾದ. ಮೇಳದವರು ಮಾರುತ್ತರ ಕೊಡುವ ಜಾಗ ಅದು. ಪಡಸಾಲೆಯಲ್ಲಿ ಇದ್ದವರು ನಾವು ಮೂವರೇ. ಅಪ್ಪ ಕೈ ಇಳಿಸಲಿಲ್ಲ. ಆಗ ಸಿದ್ದು, ಯಾವತ್ತೂ ಹಾಡದವನು, ಒಡಕು ದನಿಯಲ್ಲಿ ಮೇಳದ ಸಾಲು ಹೇಳಿದ. ಅಪ್ಪ ತಲೆಯಾಡಿಸಿ ಮುಂದಿನ ನುಡಿಗೆ ಹೋದ. ಪದ ಪೂರ್ತಿ ಹೀಗೇ ನಡೆಯಿತು. ಅಪ್ಪನ ಸಾಲಿಗೆ ಸದ್ದಿಲ್ಲ, ಸಿದ್ದುವಿನ ಉತ್ತರ ಮಾತ್ರ.

ಮುಗಿದ ಮೇಲೆ ಅಪ್ಪ ಕೈ ಚಾಚಿ ಹೆಡ್‌ಫೋನ್ ಕೇಳಿದ. ಸಿದ್ದು ಹಾಕಿ ಮೊದಲಿನಿಂದ ಕೇಳಿಸಿದ. ಅಪ್ಪ ಕಣ್ಣು ಮುಚ್ಚಿಕೊಂಡು ಕಡೆಯವರೆಗೂ ಕೇಳಿದ. ಆಮೇಲೆ ಹೆಡ್‌ಫೋನ್ ತೆಗೆದು, ರೆಕಾರ್ಡರಿನ ಕಡೆ ಬೆರಳು ಮಾಡಿ, ತನ್ನ ಗಂಟಲು ಮುಟ್ಟಿ, ಅಂಗೈ ತೆರೆದು ಸಿದ್ದುವನ್ನು ನೋಡಿದ. ಆಗ ತಿಳಿಯಿತು ನಮಗೆ. ಮನುಷ್ಯರ ಕಿವಿಗೆ ಕೇಳದಿದ್ದರೂ ಆ ಮೈಕಿಗೆ ಎಲ್ಲೋ ಒಂದಿಷ್ಟು ಸಿಕ್ಕೀತು ಎಂದು ಅಪ್ಪ ನಂಬಿಕೊಂಡು ಕೂತಿದ್ದ.

ಸಿದ್ದು ಸುಳ್ಳು ಹೇಳಬಹುದಿತ್ತು. "ಬಂದಿಲ್ಲಪ್ಪ," ಅಂದ. "ನಿನ್ನ ದನಿ ಬಂದಿಲ್ಲ."

ಅಷ್ಟು ದಿನ ಅಳದವನು ಅಲ್ಲೇ ನೆಲಕ್ಕೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ. ಅಪ್ಪ ಖುರ್ಚಿಯಿಂದ ಇಳಿದು, ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವನ ಬೆನ್ನ ಮೇಲೆ ಕೈಯಿಟ್ಟ. ಹೊರಗೆ ಮೇಳದವರು ಬಂದು ಅಪ್ಪನ ಹೆಸರು ಹಿಡಿದು ಕೂಗಿದರು. ಅಪ್ಪ ಏಳಲಿಲ್ಲ. ಅಳು ನಿಲ್ಲುವವರೆಗೂ ಅವನು ಆ ಕೈ ತೆಗೆಯಲಿಲ್ಲ.